ಗಟಾರದ ನೀರಿನ ಕೆಲಸಕ್ಕೆ ಹೋಗಲೇ, ಧಾರವಾಡಕ್ಕೆ ಹೋಗಲೇ?

ಪ್ರಶ್ನೆ: ನನಗೆ 23 ವರ್ಷ. ಸಿರುಗುಪ್ಪ ತಾಲ್ಲೂಕಿನವನು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ತಗೊಂಡು ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಯಿತು. ಅಪ್ಪನಿಗೆ ಕಾಲುವೆಯ ಕೊನೇ ಭಾಗದಲ್ಲಿ ಮೂರು ಎಕರೆ ಭತ್ತದ ಗದ್ದೆ ಇದೆ. ಒಂದು ಬೆಳೆ ಕೈಗೆ ಹತ್ತಿದರೆ ಎರಡನೆಯದಕ್ಕೆ ನೀರು ಬರುವ ಖಾತ್ರಿಯಿಲ್ಲ. ಕುರುಗೋಡಿನಲ್ಲಿರುವ ನಮ್ಮ ಸೋದರಮಾವನ ಪರಿಚಯದ ಗುತ್ತಿಗೆದಾರರೊಬ್ಬರು ಬಳ್ಳಾರಿ ಹತ್ತಿರದ ಒಳಚರಂಡಿ ನೀರು ಶುದ್ಧೀಕರಣ ಘಟಕದಲ್ಲಿ ಶಿಫ್ಟ್ ಆಪರೇಟರ್ ಕೆಲಸ ಕೊಡುತ್ತೇನೆ ಅಂದಿದ್ದಾರೆ. ಕೈಗೆ 15 ಸಾವಿರ. ಲ್ಯಾಬ್ ಕೆಲಸವನ್ನೂ ಕಲಿಸುತ್ತಾರಂತೆ. ಅಪ್ಪ, "ಧಾರವಾಡಕ್ಕ ಹೋಗಿ ಕೋಚಿಂಗ್ ಸೇರು, ಪಿಡಿಒ ಬರಿ, ಎಫ್‌ಡಿಎ ಬರಿ. ಹೊಲ ಒತ್ತಿ ಇಟ್ಟಾದ್ರೂ ರೊಕ್ಕ ಕೊಡ್ತೀನಿ" ಅಂತಾರೆ. ಅವ್ವ ಊಟ ಬಡಿಸುವಾಗೆಲ್ಲ ಒಂದೇ ಮಾತು: "ಡಿಗ್ರಿ ಓದಿ ಗಟಾರದ ನೀರು ಕಾಯಾಕ ಹೋಗ್ತೀಯೇನು? ನಾಳೆ ಹೆಣ್ಣು ಕೊಡೋರು ಏನಂತಾರ?" ಎಂಜಿನಿಯರಿಂಗ್ ಓದದವನಿಗೆ ಈ ಕ್ಷೇತ್ರದಲ್ಲಿ ಮುಂದೆ ದಾರಿ ಇದೆಯೇ? ಏನು ಮಾಡಲಿ?
— ಹೆಸರು ಬೇಡ, ಸಿರುಗುಪ್ಪ

ಉತ್ತರ: ಕೆಲಸಕ್ಕೆ ಹೋಗಿ. ಆದರೆ ಕೆಲವು ಮಾತು ಮೊದಲೇ ಬಾಯಿಬಿಟ್ಟು ಕೇಳಿ, ಕಾಗದದ ಮೇಲೆ ತಗೊಂಡು ಹೋಗಿ. ಎರಡು ವರ್ಷ ಕಲಿಯುವ ಅವಧಿ ಎಂದು ಲೆಕ್ಕ ಹಾಕಿಕೊಳ್ಳಿ. ಹೊಲ ಒತ್ತೆ ಇಡುವ ಮಾತನ್ನು ಅಪ್ಪ ಮತ್ತೆ ತೆಗೆದರೆ ಕೈಮುಗಿದು ಬೇಡ ಅನ್ನಿ. ಧಾರವಾಡದ ಕೋಚಿಂಗ್ ಬಡಾವಣೆ ಸಪ್ತಾಪುರದ ರೂಮುಗಳಲ್ಲಿ ಮೂರು ನಾಲ್ಕು ವರ್ಷ ಕೂತು, ನೋಟಿಫಿಕೇಶನ್ ಯಾವಾಗ ಬರುತ್ತದೋ ಎಂದು ಕಾಯುತ್ತಾ ವಯಸ್ಸಿನ ಮಿತಿ ಹತ್ತಿರ ಮಾಡಿಕೊಂಡ ನಮ್ಮ ಭಾಗದ ಹುಡುಗರ ಪತ್ರಗಳು ನನಗೆ ಬರುತ್ತಲೇ ಇರುತ್ತವೆ. ಪರೀಕ್ಷೆ ಬರೆಯಬೇಡಿ ಎನ್ನುತ್ತಿಲ್ಲ. ಕೈಯಲ್ಲಿ ಒಂದು ಕಸುಬು ಇಟ್ಟುಕೊಂಡು ಬರೆಯಿರಿ ಎನ್ನುತ್ತಿದ್ದೇನೆ.

ಅವ್ವನ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ದಾರಿಯ ವಿಷಯ.

ನಮ್ಮ ಕಡೆ ನೀರಿನ ಮಾತು ಎದ್ದರೆ ಅದು ಡ್ಯಾಮಿನ ಮಾತು. 1953ರಲ್ಲಿ ಮುಗಿದ ತುಂಗಭದ್ರಾ ಜಲಾಶಯದಲ್ಲಿ ಮೊದಲು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105.788 ಎಂಬ ಲೆಕ್ಕವನ್ನು ಸಿರುಗುಪ್ಪದ ಚಹಾದಂಗಡಿಯಲ್ಲಿ ಯಾರು ಬೇಕಾದರೂ ಹೇಳುತ್ತಾರೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ನಿಮ್ಮಪ್ಪ ನಿದ್ದೆ ಮಾಡಿರಲಿಕ್ಕಿಲ್ಲ. ಆದರೆ ಅದೇ ನೀರು ಕಾಲುವೆಯಲ್ಲಿ ಹರಿದು ಅಲ್ಲೀಪುರದ ಕೆರೆಯಲ್ಲಿ ನಿಂತ ಮೇಲೆ ಬಳ್ಳಾರಿಯ ನಲ್ಲಿಗೆ ಬರುವ ಮುನ್ನ ಏನಾಗುತ್ತದೆ, ನಲ್ಲಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಯುಜಿಡಿ (ಒಳಚರಂಡಿ) ಪೈಪಿಗೆ ಹೋದದ್ದು ಕೊನೆಗೆ ಎಲ್ಲಿ ಸೇರುತ್ತದೆ ಎಂದು ಕೇಳಿ ನೋಡಿ. ಅದೇ ಚಹಾದಂಗಡಿ ಸುಮ್ಮನಾಗುತ್ತದೆ.

ಈ ಕ್ಷೇತ್ರದಲ್ಲಿ ಕಟ್ಟುವುದಕ್ಕೆ ದುಡ್ಡಿದೆ. ಅಮೃತ್ ಯೋಜನೆ, ಜಲಜೀವನ್ ಮಿಷನ್, ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನ, ನಮ್ಮ ಜಿಲ್ಲೆಗಂತೂ ಗಣಿ ಬಾಧಿತ ಪ್ರದೇಶದ ನಿಧಿ ಬೇರೆ. ಬೆಂಗಳೂರು ಬಿಟ್ಟರೆ ಉಳಿದ ನಗರ ಪಟ್ಟಣಗಳಲ್ಲಿ ದೊಡ್ಡ ಯೋಜನೆಗಳನ್ನು ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕಟ್ಟಿ ಪಾಲಿಕೆಗೋ ನಗರಸಭೆಗೋ ಪುರಸಭೆಗೋ ಒಪ್ಪಿಸುತ್ತದೆ. ಬಳ್ಳಾರಿಯಲ್ಲಿ ಪಾಲಿಕೆ, ಸಿರುಗುಪ್ಪದಲ್ಲಿ ನಗರಸಭೆ, ಕುರುಗೋಡಿನಲ್ಲಿ ಪುರಸಭೆ. ಒಪ್ಪಿಸಿಕೊಂಡವರ ಹತ್ತಿರ ಅದನ್ನು ನಡೆಸುವ ಮಂದಿ ಇರುವುದಿಲ್ಲ. ಆಗ ಟೆಂಡರ್ ಕರೆಯುತ್ತಾರೆ, ಗುತ್ತಿಗೆದಾರ ಬರುತ್ತಾನೆ, ಅವನು ನಿಮ್ಮ ಸೋದರಮಾವನಿಗೆ ಫೋನ್ ಮಾಡುತ್ತಾನೆ. ಉದ್ಘಾಟನೆಯ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳಲು ನೂಕುನುಗ್ಗಲು, ರಾತ್ರಿ ಎರಡು ಗಂಟೆಗೆ ಪಂಪ್ ನಿಂತರೆ ಯಾಕೆ ನಿಂತಿತು ಎಂದು ಹೇಳಬಲ್ಲವನು ಒಬ್ಬನೂ ಇಲ್ಲ. ನಿಮ್ಮ ದಾರಿ ಇರುವುದು ಇಲ್ಲೇ.

ನಡೆಸುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಪಕ್ಕದ ಜಿಲ್ಲೆಗಿಂತ ದೂರ ಹೋಗಬೇಕಿಲ್ಲ. 2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅಲ್ಲಿ ಕೃಷ್ಣಾ ಒಂದು ಕಡೆ, ತುಂಗಭದ್ರಾ ಇನ್ನೊಂದು ಕಡೆ. ಶುದ್ಧೀಕರಣ ಘಟಕವೂ ಇತ್ತು, ಪೈಪೂ ಇತ್ತು. ಮರುವರ್ಷ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಅದೇ ಕಥೆ. ಇಂಥ ಸುದ್ದಿ ಓದುವಾಗ ನಾವು ಅಧಿಕಾರಿಯ ಅಮಾನತಿನ ತನಕ ಓದಿ ಪೇಪರ್ ಮಡಚುತ್ತೇವೆ. ದಿನಾ ಬೆಳಿಗ್ಗೆ ಕೊನೇ ಬಡಾವಣೆಯ ನಲ್ಲಿಯ ನೀರಿಗೆ ಕ್ಲೋರಿನ್ ಪರೀಕ್ಷೆ ಮಾಡುವ ಒಬ್ಬ ಹುಡುಗನಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ, ಐಎಸ್ 10500, ಹೇಳುವುದು ಇಷ್ಟು: ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇ-ಕೊಲೈ ಸಿಗಬಾರದು. ಪೈಪ್ ಒಡೆದು ಚರಂಡಿ ನೀರು ಒಳಗೆ ಹೋಗಿದ್ದರೆ ಆ 0.2 ಸೊನ್ನೆಗೆ ಇಳಿದಿರುತ್ತದೆ. ಬೆಳಿಗ್ಗೆ ಏಳಕ್ಕೆ ನೋಡಿದರೆ ಏಳೂಕಾಲಿಗೆ ವಾಲ್ವ್ ಮುಚ್ಚಿಸಬಹುದು.

ಎಂಜಿನಿಯರಿಂಗ್ ಓದಿಲ್ಲ ಎಂದು ಕುಗ್ಗಿದ್ದೀರಿ. ಟ್ಯಾಂಕ್ ಕಟ್ಟುವುದು ಸಿವಿಲ್ ವಿದ್ಯೆ, ಒಪ್ಪುತ್ತೇನೆ. ಕಟ್ಟಿದ ಮೇಲೆ ಒಳಗೆ ನಡೆಯುವುದೆಲ್ಲ ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ, ಅಂದರೆ ನೀವು ಓದಿದ್ದು. ಒಳಚರಂಡಿ ಘಟಕದ ಏರೇಶನ್ ಟ್ಯಾಂಕಿನಲ್ಲಿ ಹೊಲಸು ತಿನ್ನುವುದು ಬ್ಯಾಕ್ಟೀರಿಯಾ. ಬ್ಲೋವರ್ ಗಾಳಿ ಊದುತ್ತದೆ, ಅವು ಉಸಿರಾಡುತ್ತವೆ, ತಿಂದು ಬೆಳೆದು ಗುಂಪುಗಟ್ಟುತ್ತವೆ. ಮುಂದಿನ ಟ್ಯಾಂಕಿನಲ್ಲಿ ಕೆಸರಾಗಿ ತಳಕ್ಕೆ ಕೂರುತ್ತವೆ. ಆ ಕೆಸರಿನಲ್ಲಿ ಒಂದು ಪಾಲನ್ನು ವಾಪಸ್ ಏರೇಶನ್ ಟ್ಯಾಂಕಿಗೆ ಪಂಪ್ ಮಾಡಬೇಕು, ನಿಮ್ಮವ್ವ ಇವತ್ತಿನ ಮೊಸರಿನಲ್ಲಿ ನಾಳೆಗೆ ಹೆಪ್ಪು ಉಳಿಸಿಕೊಂಡ ಹಾಗೆ. ಉಳಿದದ್ದನ್ನು ಹೊರಗೆ ತೆಗೆದು ಒಣಗಿಸಬೇಕು. ಎಷ್ಟು ವಾಪಸ್ ಕಳಿಸಬೇಕು, ಎಷ್ಟು ತೆಗೆಯಬೇಕು ಎಂಬ ಅಂದಾಜಿನಲ್ಲೇ ಈ ಕಸುಬಿನ ಅರ್ಧ ಇದೆ.

ಆ ಅಂದಾಜು ಕೊಡುವ ಪರೀಕ್ಷೆಗೆ ಒಂದು ಗಾಜಿನ ಜಾಡಿ ಸಾಕು. ಏರೇಶನ್ ಟ್ಯಾಂಕಿನಿಂದ ಒಂದು ಲೀಟರ್ ತುಂಬಿ 30 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಘಟಕದವರು ಇದನ್ನು ಎಸ್‌ವಿ-30 ಅನ್ನುತ್ತಾರೆ. ಮಾಮೂಲಿ ಏರೇಶನ್ ಘಟಕ ಚೆನ್ನಾಗಿ ನಡೆಯುತ್ತಿದ್ದರೆ ಕೆಸರು ಕಂದುಬಣ್ಣಕ್ಕಿರುತ್ತದೆ, ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತದೆ, ಅರ್ಧ ಗಂಟೆಯಲ್ಲಿ 250ರಿಂದ 400 ಮಿಲಿಲೀಟರ್ ಗೆರೆಯ ಆಸುಪಾಸಿಗೆ ಕೂತು ಮೇಲೆ ತಿಳಿ ನೀರು ನಿಲ್ಲುತ್ತದೆ. ಕೂರದೆ 800ರಲ್ಲೇ ತೇಲಿದರೆ ಎಳೆ ಎಳೆಯಾದ ಬ್ಯಾಕ್ಟೀರಿಯಾ ಹೆಚ್ಚಿರಬಹುದು, ಇಲ್ಲವೇ ಕೆಸರು ತೆಗೆಯುವುದು ತಡವಾಗಿರಬಹುದು. ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಕಾಗಿಲ್ಲ. ಕೂತ ಕೆಸರು ಒಂದೆರಡು ಗಂಟೆಯಲ್ಲಿ ತುಂಡು ತುಂಡಾಗಿ ಮೇಲೆದ್ದರೆ ಅದರೊಳಗೆ ಸಾರಜನಕದ ಗುಳ್ಳೆ ಕಟ್ಟುತ್ತಿದೆ. ಒಂದು ಹನಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಡಿ. ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಪರೀಕ್ಷೆಗೆ ಚಿತ್ರ ಬಿಡಿಸಿದ ವೋರ್ಟಿಸೆಲ್ಲಾ ತೊಟ್ಟಿನ ಮೇಲೆ ಗಂಟೆಯಂತೆ ನಿಂತು ಆಡುತ್ತಿರುತ್ತದೆ. ಅದು ಕಂಡರೆ ಘಟಕ ಆರೋಗ್ಯವಾಗಿದೆ. ಈ ನೋಟ ಬಿ.ಇ. ಸಿವಿಲ್ ಮಾಡಿದವರಿಗೆ ಅಷ್ಟು ಬೇಗ ಬರುವುದಿಲ್ಲ, ನಿಮಗೆ ಬರುತ್ತದೆ.

ಇನ್ನೊಂದು ನೋಟವೂ ಬೇಕು. ಈ ಘಟಕಗಳಲ್ಲಿ ಕರೆಂಟ್ ಬಿಲ್ಲಿನ ದೊಡ್ಡ ಪಾಲು ಬ್ಲೋವರಿನದು. ಬಿಲ್ ಗುತ್ತಿಗೆದಾರನ ಕಿಸೆಯಿಂದ ಹೋಗುವ ಕಡೆ ರಾತ್ರಿ ಬ್ಲೋವರ್ ನಿಲ್ಲಿಸುವ ಚಾಳಿ ಇದೆ. ಬೆಳಿಗ್ಗೆ ಆರಕ್ಕೆ ಚಾಲೂ ಮಾಡಿ ಲಾಗ್‌ಬುಕ್ಕಿನಲ್ಲಿ ರಾತ್ರಿಯಿಡೀ ನಡೆದ ಹಾಗೆ, ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಇದ್ದ ಹಾಗೆ, ಕುರ್ಚಿಯಲ್ಲಿ ಕೂತೇ ಬರೆದುಬಿಡುತ್ತಾರೆ. ಒಂದೇ ಪೆನ್ನು, ಒಂದೇ ಕೈ, ಎಂಟು ಗಂಟೆಯ ರೀಡಿಂಗ್ ಒಂದೇ ಉಸಿರಿನಲ್ಲಿ. ಹೊಸ ಹುಡುಗನಿಗೆ ಮೊದಲ ವಾರದಲ್ಲೇ ಈ ವಿದ್ಯೆ ಹೇಳಿಕೊಡುತ್ತಾರೆ. ನೀವು ಕಲಿಯಬೇಡಿ. ನೀತಿಯ ಮಾತು ಹಾಗಿರಲಿ, ಇದು ನಿಮ್ಮ ಹೊಟ್ಟೆಪಾಡಿನ ವಿಷಯ: ಸುಳ್ಳು ರೀಡಿಂಗ್ ಬರೆದವನಿಗೆ ಎರಡು ವರ್ಷವಾದ ಮೇಲೂ ಆ ಟ್ಯಾಂಕ್ ಹೇಗೆ ವರ್ತಿಸುತ್ತದೆ ಎಂದು ಗೊತ್ತಿರುವುದಿಲ್ಲ, ಮುಂದಿನ ಕೆಲಸದ ಸಂದರ್ಶನದಲ್ಲಿ ಎರಡು ಪ್ರಶ್ನೆಗೆ ಸಿಕ್ಕಿಬೀಳುತ್ತಾನೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಸ್ಯಾಂಪಲ್ ತೆಗೆದಾಗ ಸಹಿ ಯಾರದು ಎಂದೂ ನೋಡುತ್ತಾರೆ. ಮೇಲಿನವರು ನಿಲ್ಲಿಸು ಅಂದರೆ ನಿಲ್ಲಿಸಬೇಕಾದೀತು, 15 ಸಾವಿರದ ನೌಕರ ಎದುರು ನಿಲ್ಲಲಾರ. ಆದರೆ ನಿಲ್ಲಿಸಿದ ಸಮಯ, ಚಾಲೂ ಮಾಡಿದ ಸಮಯ ನಿಜವಾದದ್ದನ್ನೇ ನಿಮ್ಮ ಸ್ವಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಆ ನೋಟ್‌ಬುಕ್ ಮುಂದೆ ನಿಮಗೆ ಸರ್ಟಿಫಿಕೇಟಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅಮೆರಿಕದಲ್ಲಿ ಊರಿಗೆ ನೀರು ಕೊಡುವ ಘಟಕ ನಡೆಸುವವರು ಪರೀಕ್ಷೆ ಪಾಸಾಗಿ ಪರವಾನಗಿ ಪಡೆದಿರಬೇಕು, ಅನುಭವ ಬಂದ ಹಾಗೆ ಮೇಲಿನ ದರ್ಜೆಗೆ ಮತ್ತೆ ಪರೀಕ್ಷೆ. ನಮ್ಮಲ್ಲಿ ಕಾರು ಓಡಿಸಲು ಲೈಸೆನ್ಸ್ ಬೇಕು, ಊರಿಗೆಲ್ಲ ಕುಡಿಸುವ ನೀರು ಶುದ್ಧ ಮಾಡಲು ಬೇಡ. ಇದರಿಂದ ಸಂಬಳ ಏರುವುದಿಲ್ಲ, ಮರ್ಯಾದೆಯೂ ಏರುವುದಿಲ್ಲ ಎಂಬುದು ನಿಜ. ಆದರೆ ಬಿ.ಎಸ್ಸಿ. ಮಾಡಿದ ಹುಡುಗ ಬಾಗಿಲು ತಟ್ಟಿದ ಕೂಡಲೇ ಒಳಗೆ ಹೋಗಬಹುದಾದದ್ದೂ ಇದರಿಂದಲೇ. ಈಗ ಬಾಗಿಲು ತೆರೆದಿದೆ, ಒಳಗೆ ಹೋಗಿ.

ಇನ್ನು ಅವ್ವನ ಮಾತು.

ಅವರು ಕೇಳುತ್ತಿರುವುದು ವಾಸನೆಯ ಬಗ್ಗೆ ಅಲ್ಲ, ಜಾತಿಯ ಬಗ್ಗೆ. ಹೊಲಸು ಮುಟ್ಟುವ ಕೆಲಸವನ್ನು ನಮ್ಮ ಊರುಗಳು ಕೆಲವೇ ಜನರ ತಲೆಗೆ ಕಟ್ಟಿ, ಅವರನ್ನು ಊರ ಹೊರಗಿಟ್ಟವು. ಮಗ ಅಲ್ಲಿ ಹೋಗಿ ನಿಂತರೆ ಜನ ಅವನನ್ನೂ ಹಾಗೇ ನೋಡುತ್ತಾರೆ ಎಂಬ ಭಯ ಅವ್ವನದು. ಆ ಭಯ ಸುಳ್ಳಲ್ಲ, ನೋಡುವವರು ನೋಡುತ್ತಾರೆ. "ಇದು ಪ್ಲಾಂಟ್ ಕೆಲಸ, ಬಟನ್ ಒತ್ತೋದು, ಹೊಲಸು ಮುಟ್ಟೋದಿಲ್ಲ" ಎಂದು ಹೇಳಿ ಅವ್ವನನ್ನು ಸಮಾಧಾನ ಮಾಡುವುದು ಸುಲಭ. ನನಗೆ ಆ ಸಮಾಧಾನ ಇಷ್ಟವಿಲ್ಲ, ಯಾಕೆಂದರೆ ಅದರಲ್ಲಿ ಮುಟ್ಟುವವರು ಕೀಳು ಎಂಬ ಮಾತು ಅಡಗಿದೆ. ನಿಮ್ಮ ಘಟಕಕ್ಕೆ ಬರುವ ಪೈಪ್ ಕಟ್ಟಿಕೊಂಡರೆ ಬಿಡಿಸುವವರು ಯುಜಿಡಿ ಸಿಬ್ಬಂದಿ. ನೀವು ಕೂತು ಊಟ ಮಾಡುವುದು ಅವರ ಜೊತೆಗೇ. ಅದಕ್ಕೆ ನಿಮ್ಮ ಮನಸ್ಸು ಒಪ್ಪದಿದ್ದರೆ ಈ ಕೆಲಸ ಬೇಡ, ಧಾರವಾಡದ ಬಸ್ಸನ್ನೇ ಹತ್ತಿ.

ಒಪ್ಪಿದರೆ ಅವ್ವನನ್ನು ಒಂದು ದಿನ ಘಟಕಕ್ಕೆ ಕರೆದುಕೊಂಡು ಹೋಗಿ. ವಾದ ಮಾಡಬೇಡಿ. ಬರುವ ನೀರನ್ನೂ ಹೋಗುವ ನೀರನ್ನೂ ಎರಡು ಗಾಜಿನ ಲೋಟದಲ್ಲಿ ತುಂಬಿ ತೋರಿಸಿ. ಕಾಲುವೆಯ ಕೊನೇ ಭಾಗದಲ್ಲಿ ಗದ್ದೆ ಮಾಡಿದವರಿಗೆ ನೀರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ ಎಂಬುದನ್ನೂ ಅಪ್ಪನಿಗೆ ಹೇಳಿ. ಅದರ ಗುಣಮಟ್ಟದ ಬಗ್ಗೆ ಕೋರ್ಟಿನ ತನಕ ಜಗಳ ಹೋಯಿತು, ಮೂರನೇ ಹಂತದ ಶುದ್ಧೀಕರಣ ಬೇಕೆಂದು ಅಲ್ಲಿನ ರೈತರು ಈಗಲೂ ಕೇಳುತ್ತಿದ್ದಾರೆ. ಆ ಜಗಳವೇ ನಿಮಗೆ ಒಳ್ಳೆಯ ಸುದ್ದಿ: ಹೊಲಕ್ಕೆ, ಕೆರೆಗೆ ಹೋಗುವ ನೀರು ಎಷ್ಟು ಶುದ್ಧ ಎಂದು ಅಳೆದು ಹೇಳುವವರು ಬೇಕಾಗಿದ್ದಾರೆ.

ಹೆಣ್ಣು ಕೊಡುವವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಭತ್ತದ ಭಾಗದಲ್ಲಿ ಈಗ ರೈತನ ಮಗನಿಗೂ ಹೆಣ್ಣು ಸಿಗುತ್ತಿಲ್ಲ ಎಂದು ನಿಮ್ಮವ್ವನಿಗೆ ಗೊತ್ತಿದ್ದೇ ಇದೆ.

ಒಂದು ವಿಷಯದಲ್ಲಿ ಮಾತ್ರ ನೀವು ಹಟ ಹಿಡಿಯಲೇಬೇಕು. ಮ್ಯಾನ್‌ಹೋಲಿಗೆ, ವೆಟ್‌ವೆಲ್ಲಿಗೆ (ಕೊಳಚೆ ಪಂಪಿನ ಬಾವಿಗೆ), ಮುಚ್ಚಿದ ಟ್ಯಾಂಕಿಗೆ ಇಳಿಯಬೇಡಿ. "ಒಂದೇ ನಿಮಿಷ, ಬಟ್ಟೆ ಸಿಕ್ಕಿಕೊಂಡಿದೆ, ತೆಗೆದು ಬಾ" ಎಂದು ಹೇಳುತ್ತಾರೆ. ಅಲ್ಲಿರುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ. ಪ್ರಮಾಣ ಹೆಚ್ಚಾದರೆ ಮೂಗು ಸತ್ತುಹೋಗಿ ವಾಸನೆಯೇ ಬರುವುದಿಲ್ಲ, ವಾಸನೆ ಹೋಯಿತು ಎಂದುಕೊಂಡವನು ಅಲ್ಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನೂ ಸಾಯುತ್ತಾನೆ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅಪರಾಧ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಕೆಲಸ ಹೋದರೆ ಹೋಗಲಿ, ನೀವು ಇಳಿಯಬೇಡಿ, ಜೊತೆಗಾರನನ್ನೂ ಇಳಿಯಲು ಬಿಡಬೇಡಿ.

ಮುಂದೆ ಕುಡಿಯುವ ನೀರಿನ ಘಟಕಕ್ಕೆ ಹೋದರೆ ಅಲ್ಲಿ ಅಪಾಯ ಕ್ಲೋರಿನ್ ಸಿಲಿಂಡರಿನದು. ಟನ್ನರ್ ಎನ್ನುವ ದೊಡ್ಡ ಸಿಲಿಂಡರ್ ಒಂದರಲ್ಲಿ ಸುಮಾರು 900 ಕಿಲೋ ಅನಿಲ ಇರುತ್ತದೆ. ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ಹರಡುತ್ತದೆ. ಹಾಗಾಗಿ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ, ಎತ್ತರದ ಜಾಗಕ್ಕೆ ಓಡಬೇಕು. ಸಣ್ಣ ಸೋರಿಕೆ ಹುಡುಕಲು ಅಮೋನಿಯಾದಲ್ಲಿ ಅದ್ದಿದ ಬಟ್ಟೆಯನ್ನು ಕೋಲಿಗೆ ಕಟ್ಟಿ ವಾಲ್ವಿನ ಹತ್ತಿರ ಹಿಡಿಯುತ್ತಾರೆ, ಸೋರುವ ಕಡೆ ಬಿಳಿ ಹೊಗೆ ಏಳುತ್ತದೆ. ಯಾಕೆ ಏಳುತ್ತದೆ ಎಂಬುದು ನಿಮ್ಮ ಪಿಯುಸಿ ಪುಸ್ತಕದಲ್ಲೇ ಇದೆ.

ಹೋಗಿ ಎಂದು ಹೇಳಿದೆ, ಎಷ್ಟು ದಿನ ಎಂಬುದು ಮುಖ್ಯ. ಒಂದೇ ಒಳಚರಂಡಿ ಘಟಕದಲ್ಲಿ ಹತ್ತು ವರ್ಷ ಶಿಫ್ಟ್ ಮಾಡಿದರೆ ಹತ್ತು ವರ್ಷದ ಅನುಭವ ಬರುವುದಿಲ್ಲ, ಒಂದೇ ವರ್ಷದ್ದು ಹತ್ತು ಸಲ ಆಗುತ್ತದೆ. ಮೊದಲ ವರ್ಷ ಪಂಪು, ಬ್ಲೋವರ್, ಪ್ಯಾನೆಲ್ ಬೋರ್ಡ್ ಕಲಿಯಿರಿ. ಎಲೆಕ್ಟ್ರಿಷಿಯನ್ ಬಂದಾಗ ಬೀಡಿ ಸೇದುತ್ತಾ ದೂರ ನಿಲ್ಲಬೇಡಿ, ಪಕ್ಕದಲ್ಲಿ ನಿಂತು ನೋಡಿ. ಐಟಿಐ ಓದಿದ ಫಿಟ್ಟರ್‌ಗಳು ಈ ಕ್ಷೇತ್ರದಲ್ಲಿ ಬಿ.ಎಸ್ಸಿ.ಯವರನ್ನು ಹಿಂದೆ ಹಾಕುವುದು ಇಲ್ಲೇ. ಎರಡನೇ ವರ್ಷ ಲ್ಯಾಬು: ನೀರಿನ ಹೊಲಸು ಅಳೆಯುವ ಬಿಒಡಿ, ಸಿಒಡಿ ಪರೀಕ್ಷೆ, ಕೆಸರಿನ ಪ್ರಮಾಣ. ಬಿಒಡಿ ಫಲಿತಾಂಶಕ್ಕೆ 27 ಡಿಗ್ರಿಯಲ್ಲಿ ಮೂರು ದಿನ ಅಥವಾ 20 ಡಿಗ್ರಿಯಲ್ಲಿ ಐದು ದಿನ ಕಾಯಬೇಕು, ಅಷ್ಟರಲ್ಲಿ ನೀರು ಹರಿದುಹೋಗಿರುತ್ತದೆ. ಅದಕ್ಕೇ ಕಣ್ಣು, ಮೂಗು, ಆ ಜಾಡಿ.

ಸಾಧ್ಯವಾದರೆ ನಡುವೆ ಒಂದು ಮುಂಗಾರು ಕುಡಿಯುವ ನೀರಿನ ಘಟಕದಲ್ಲಿ ಕಳೆಯಿರಿ. ಜೂನ್-ಜುಲೈನಲ್ಲಿ ನದಿಗೆ ಹೊಸ ನೀರು ಬಂದು ಕೆಂಪಗಾದಾಗ ನಿನ್ನೆ ಹಾಕಿದಷ್ಟು ಆಲಂ (ಪಟಿಕ) ಇವತ್ತಿಗೆ ಸಾಲುವುದಿಲ್ಲ. ಆರು ಬೀಕರ್ ಸಾಲಾಗಿಟ್ಟು ಒಂದೊಂದಕ್ಕೆ ಒಂದೊಂದು ಪ್ರಮಾಣದ ಆಲಂ ಹಾಕಿ ಒಂದು ನಿಮಿಷ ಜೋರಾಗಿ, ಆಮೇಲೆ ಹದಿನೈದು ಇಪ್ಪತ್ತು ನಿಮಿಷ ನಿಧಾನವಾಗಿ ತಿರುಗಿಸಿ ಬಿಡುತ್ತಾರೆ. ಯಾವುದರಲ್ಲಿ ಕಡಿಮೆ ಆಲಂಗೆ ನೀರು ತಿಳಿಯಾಯಿತೋ ಅದೇ ಇವತ್ತಿನ ಲೆಕ್ಕ. ಬೇಸಿಗೆಯಲ್ಲಿ ಕಥೆ ತಿರುಗುಮುರುಗು: ಕಾಲುವೆ ಬಂದ್, ಕೆರೆಯಲ್ಲಿ ನಿಂತ ನೀರಿಗೆ ಪಾಚಿ, ಫಿಲ್ಟರ್ ಮೇಲಿಂದ ಮೇಲೆ ಕಟ್ಟಿಕೊಳ್ಳುತ್ತದೆ. ಎರಡೂ ಕಾಲ ಕಂಡವನನ್ನು ಯಾರೂ ಹೊಸಬ ಅನ್ನುವುದಿಲ್ಲ.

ಆಮೇಲೆ ಎಲ್ಲಿಗೆ? ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕುಡುತಿನಿಯ ಉಷ್ಣ ವಿದ್ಯುತ್ ಸ್ಥಾವರ ಎರಡೂ ನಿಮ್ಮ ಬಸ್ಸಿನ ದೂರದಲ್ಲಿವೆ. ವಿದ್ಯುತ್ ಸ್ಥಾವರದ ಬಾಯ್ಲರಿಗೆ ಹೋಗುವ ನೀರಿನಲ್ಲಿ ಲವಣದ ಅಂಶವೇ ಇರಬಾರದು, ಅದಕ್ಕೆ ಡಿಎಂ ಪ್ಲಾಂಟ್ ಎಂದು ಬೇರೆಯೇ ಘಟಕ, ಬೇರೆಯೇ ಕೆಮಿಸ್ಟ್. ಉಕ್ಕಿನ ಕಾರ್ಖಾನೆಯ ಕೋಕ್ ಓವನ್ ನೀರಿನಲ್ಲಿ ಫೀನಾಲ್, ಸಯನೈಡ್, ಅಮೋನಿಯಾ ಇರುತ್ತವೆ. ಅದನ್ನೂ ಬ್ಯಾಕ್ಟೀರಿಯಾದಿಂದಲೇ ತಿನ್ನಿಸುತ್ತಾರೆ, ನಂಬಿ. ಏರೇಶನ್ ಟ್ಯಾಂಕ್ ಓದಲು ಬಂದವನಿಗೆ ಅಲ್ಲಿ ಬೇಡಿಕೆ ಇದೆ. ಸಂಬಳ ನಗರಸಭೆಯ ಗುತ್ತಿಗೆದಾರ ಕೊಡುವುದಕ್ಕಿಂತ ಮೇಲು. ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳು ನೀಲಿ ನೀರಿನ ದೂರಿನಿಂದ ವರ್ಷಗಳಿಂದ ಒದ್ದಾಡುತ್ತಿವೆ. ಸಿರುಗುಪ್ಪದ ಕುಸುಬಲಕ್ಕಿ ಗಿರಣಿಗಳ ಹುಳಿ ವಾಸನೆಯ ನೀರು ನಿಮಗೆ ಹೊಸದಲ್ಲ. ಇವರಿಗೆಲ್ಲ ದೊಡ್ಡ ಕನ್ಸಲ್ಟೆಂಟ್ ಬೇಡ. ವಾರಕ್ಕೊಮ್ಮೆ ಬಂದು ನೋಡಿ, ಅಳೆದು, ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡುವ ಕಾಗದ ಸರಿಮಾಡಿಕೊಡುವ ಮನುಷ್ಯ ಬೇಕು. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕಗಳ ಆರ್‌ಒ ರಿಪೇರಿಯೂ ಹೀಗೇ. ಮೆಂಬ್ರೇನ್ ಯಾವಾಗ ತೊಳೆಯಬೇಕು, ಯಾವಾಗ ಬದಲಿಸಬೇಕು ಎಂದು ಗೊತ್ತಿಲ್ಲದೆ ಎಷ್ಟೋ ಘಟಕ ಬೀಗ ಹಾಕಿಕೊಂಡು ನಿಂತಿವೆ. ಐದಾರು ವರ್ಷದ ಮೇಲೆ ಸ್ವಂತದ್ದು ಮಾಡುವ ಆಸೆ ಇದ್ದರೆ ಕುರುಗೋಡು, ಸಿರುಗುಪ್ಪ, ಕಂಪ್ಲಿ ಸುತ್ತಲೇ ಒಬ್ಬನಿಗೆ ಸಾಕಾಗುವಷ್ಟು ಕೆಲಸವಿದೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಒಳಚರಂಡಿ ಶುದ್ಧೀಕರಣ ಘಟಕಗಳು ಬೇಗ ಕೆಲಸ ಕೊಡುತ್ತವೆ, ಆದರೆ ಅಲ್ಲಿನ ರೂಮ್ ಬಾಡಿಗೆ ಲೆಕ್ಕ ಹಾಕಿ, ಆಮೇಲೆ ಆಸೆಪಡಿ.

ಸರ್ಕಾರಿ ನೌಕರಿಯ ಬಗ್ಗೆ ಅಪ್ಪನಿಗೆ ಹೀಗೆ ಹೇಳಿ. ನೀರು ಸರಬರಾಜು ಮಂಡಳಿಯ ಎಂಜಿನಿಯರ್ ಹುದ್ದೆಗೆ ಬಿ.ಇ. ಅಥವಾ ಡಿಪ್ಲೊಮಾ ಬೇಕು, ಅದು ನಿಮ್ಮ ಬಾಗಿಲಲ್ಲ. ನಿಮ್ಮದು ಲ್ಯಾಬಿನ ಕಡೆಯ ಬಾಗಿಲು. ಕುಡಿಯುವ ನೀರು ಪರೀಕ್ಷಿಸುವ ಜಿಲ್ಲಾ ಮತ್ತು ತಾಲ್ಲೂಕು ಪ್ರಯೋಗಾಲಯಗಳಿಗೆ ರಸಾಯನಶಾಸ್ತ್ರದವರು ಬೇಕು. ಬಹಳ ಕಡೆ ಹೊರಗುತ್ತಿಗೆಯೇ, ಆದರೂ ಹಗಲು ಕೆಲಸ, ಕಲಿಕೆ ಒಳ್ಳೆಯದು. ಮಾಲಿನ್ಯ ನಿಯಂತ್ರಣ ಮಂಡಳಿಯ ವೈಜ್ಞಾನಿಕ ಹುದ್ದೆಗಳ ಕಡೆ ಕಣ್ಣಿದ್ದರೆ ಎಂ.ಎಸ್ಸಿ. ಮಾಡಿಕೊಳ್ಳಿ, ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನವೇ ಇದೆ. ಎರಡು ವರ್ಷ ಘಟಕದಲ್ಲಿ ದುಡಿದು, ಆಮೇಲೆ ಎಂ.ಎಸ್ಸಿ.ಗೆ ಹೋದವನಿಗೆ ಪಾಠ ಅರ್ಥವಾಗುವ ರೀತಿಯೇ ಬೇರೆ. ಪಿಡಿಒ, ಎಫ್‌ಡಿಎ ಅರ್ಜಿಗಳನ್ನೂ ಬಿಡಬೇಡಿ. ರಾತ್ರಿ ಶಿಫ್ಟಿನಲ್ಲಿ ಗಂಟೆಗೊಮ್ಮೆ ರೀಡಿಂಗ್ ಬರೆದು ಉಳಿದ ಹೊತ್ತಿನಲ್ಲಿ ಓದಿಕೊಳ್ಳಬಹುದು. ಅದು ಧಾರವಾಡದ ರೂಮಿಗಿಂತ ಶಾಂತವಾದ ಜಾಗ.

ಈಗ ಗುತ್ತಿಗೆದಾರರ ಹತ್ತಿರ ಕೇಳಬೇಕಾದದ್ದು. ಸೋದರಮಾವನ ಮುಖ ನೋಡಿ ಸುಮ್ಮನಾಗಬೇಡಿ. ಮಾವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ನೇಮಕಾತಿ ಪತ್ರ ಕೊಡುತ್ತಾರೆಯೇ, ಅದರಲ್ಲಿ ಹುದ್ದೆ "ಆಪರೇಟರ್" ಎಂದಿರುತ್ತದೆಯೇ ಅಥವಾ "ಸಹಾಯಕ" ಎಂದೇ? ಮುಂದೆ ಅನುಭವ ತೋರಿಸುವಾಗ ಆ ಒಂದು ಪದದ ಮೇಲೆ ಸಂಬಳ ನಿಂತಿರುತ್ತದೆ. 15 ಸಾವಿರ ಅಂದದ್ದು ಪಿಎಫ್, ಇಎಸ್‌ಐ ಕಳೆದ ಮೇಲೋ, ಅವು ಇಲ್ಲವೇ ಇಲ್ಲವೋ? ಪಿಎಫ್ ನಂಬರ್ ಬಂದ ತಿಂಗಳೇ ಫೋನಿನಲ್ಲಿ ತೆರೆದು ದುಡ್ಡು ಜಮೆ ಆಗಿದೆಯೇ ನೋಡಿ. ಅವರ ಟೆಂಡರ್ ಅವಧಿ ಯಾವಾಗ ಮುಗಿಯುತ್ತದೆ? ಮೂರೇ ತಿಂಗಳಿದ್ದರೆ ಮುಂದಿನ ಗುತ್ತಿಗೆದಾರ ನಿಮ್ಮನ್ನು ಇಟ್ಟುಕೊಳ್ಳುವ ಖಾತ್ರಿ ಇಲ್ಲ. ಗ್ಯಾಸ್ ಡಿಟೆಕ್ಟರ್ ಇದೆಯೇ ಎಂದು ಕೇಳಿ, ತೋರಿಸಿ ಅನ್ನಿ. ಬೀರುವಿನಲ್ಲಿ ಬ್ಯಾಟರಿ ಇಲ್ಲದೆ ಬಿದ್ದಿದ್ದರೆ ಇಲ್ಲವೆಂದೇ ಲೆಕ್ಕ. ಲ್ಯಾಬ್ ಕಲಿಸುತ್ತೇವೆ ಅಂದಿದ್ದಾರಲ್ಲ, ಲ್ಯಾಬಿನ ಬೀಗ ತೆಗೆಸಿ ಒಳಗೆ ಕಣ್ಣಾಡಿಸಿ. ಸಿಂಕ್ ಒಣಗಿ ಧೂಳು ಕೂತಿದ್ದರೆ ಅಲ್ಲಿ ಕಲಿಸುವವರು ಯಾರೂ ಇಲ್ಲ. ಟೈಫಾಯಿಡ್, ಹೆಪಟೈಟಿಸ್, ಧನುರ್ವಾಯು ಲಸಿಕೆ ಅವರು ಹಾಕಿಸದಿದ್ದರೆ ನೀವೇ ಹಾಕಿಸಿಕೊಳ್ಳಿ, ಕೆಲಸಕ್ಕೆ ಸೇರುವ ಮೊದಲೇ.

ಇವುಗಳಲ್ಲಿ ನೇಮಕಾತಿ ಪತ್ರ ಮತ್ತು ಪಿಎಫ್‌ಗೆ ಅವರು ಇಲ್ಲ ಅಂದರೆ ನೀವೂ ಇಲ್ಲ ಅನ್ನಿ. ಉಳಿದದ್ದಕ್ಕೆ ಸ್ವಲ್ಪ ಆಚೀಚೆ ಒಪ್ಪಿಕೊಳ್ಳಬಹುದು.

ಮರೆಯುವ ಮುನ್ನ ಇನ್ನೊಂದು. ನೀವು ಸಂವಿಧಾನದ 371(ಜೆ) ವಿಧಿಯಡಿ ಬರುವ ಜಿಲ್ಲೆಯವರು. ಸ್ಥಳೀಯ ವೃಂದದ ಹುದ್ದೆಗಳಲ್ಲಿ ಮೀಸಲಾತಿ ಸಿಗಬೇಕಾದರೆ ಉಪವಿಭಾಗಾಧಿಕಾರಿ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಬೇಕು. ನಿಮ್ಮ ಹತ್ತಿರ ಇದೆಯೋ ಇಲ್ಲವೋ ಪತ್ರದಲ್ಲಿ ಬರೆದಿಲ್ಲ. ಇಲ್ಲದಿದ್ದರೆ ಶಾಲೆಯ ದಾಖಲೆ, ವಾಸಸ್ಥಳದ ದಾಖಲೆ ಜೋಡಿಸಿಕೊಂಡು ಈ ವಾರವೇ ಅರ್ಜಿ ಹಾಕಿ. ನೋಟಿಫಿಕೇಶನ್ ಬಂದ ಮೇಲೆ ಹೋದರೆ ಬಳ್ಳಾರಿಯ ಆ ಕಚೇರಿ ಮುಂದೆ ಸಾಲು ಬೀದಿಗೆ ಬಂದಿರುತ್ತದೆ, ಅಷ್ಟೊತ್ತಿಗೆ ನಿಮಗೆ ಶಿಫ್ಟಿನಿಂದ ರಜೆಯೂ ಸಿಕ್ಕುವುದಿಲ್ಲ.